ನಿಷೇಧಾಜ್ಞೆಯ ಒಂಬತ್ತು ನಿಮಿಷದ ಆವೃತ್ತಿ

ಡಿಜೆ ಸದ್ದಿನ ಬಗ್ಗೆ ಕಲಬುರಗಿಯ ನಮ್ಮ ಭಾಗದಲ್ಲಿ ಪ್ರತಿವರ್ಷ ಶಾಂತಿ ಸಭೆ ನಡೆಯುತ್ತದೆ. ಅದು ಮೈಕಿನಲ್ಲಿಯೇ ನಡೆಯುತ್ತದೆ. ಹಿಂದಿನ ಸಲ ಮುಂದಿನ ಸಾಲಿನಲ್ಲಿ ಕುಳಿತಿದ್ದ ಹಿರಿಯರೊಬ್ಬರು ಸ್ವಲ್ಪ ತಗ್ಗಿಸಪ್ಪಾ ಎಂದು ಕೈಸನ್ನೆ ಮಾಡಿದರು. ಅವರಿಗೆ ಕೇಳಿಸುತ್ತಿಲ್ಲವೆಂದು ತಿಳಿದ ಮೈಕಿನ ಹುಡುಗ ಇನ್ನೊಂದು ಸುತ್ತು ಏರಿಸಿದ. ಆಮೇಲೆ ಓದಲಾದ ಡಿಜೆ ನಿಷೇಧದ ಆದೇಶ ನನಗೆ ಬಾಯಿಪಾಠ. ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಎಂದು ಶುರುವಾಗಿ ‘ಕಟ್ಟುನಿಟ್ಟಿನ ಕ್ರಮ ಜರುಗಿಸಲಾಗುವುದು’ ಎಂದು ಮುಗಿಯುತ್ತದೆ. ವರ್ಷದಿಂದ ವರ್ಷಕ್ಕೆ ಬದಲಾಗುವುದು ದಿನಾಂಕ ಮಾತ್ರ. ಒಂದು ವರ್ಷ ಅದೂ ಬದಲಾಗಿರಲಿಲ್ಲ.

ಹಳೆಯ ಸರಕನ್ನು ಅಲ್ಲಿ ಇಲ್ಲಿ ಕತ್ತರಿಸಿ, ಅಂಟಿಸಿ, ಹೊಸ ಸಭೆಗೆ ಒಪ್ಪುವಂತೆ ಬಿಡುಗಡೆ ಮಾಡುವ ಈ ಕೆಲಸಕ್ಕೆ ಸಂಗೀತದವರು ರೀಎಡಿಟ್ ಎನ್ನುತ್ತಾರೆ. ನನಗೆ ಇದು ಗೊತ್ತಿರುವುದು ಡಿಸ್ಕೋ, ಫಂಕ್, ಸೋಲ್ ಹುಚ್ಚಿನಿಂದ. ದಾಲ್ ಮಿಲ್ಲಿನಲ್ಲಿ ತೊಗರಿಯ ಲೆಕ್ಕ ಬರೆಯುವ ಮನುಷ್ಯನಿಗೆ ಕರಿಯ ಅಮೆರಿಕನ್ನರ ಹಾಡುಗಳು ಏಕೆ ಎಂದು ಮನೆಯವರು ಮೊದಮೊದಲು ಕೇಳುತ್ತಿದ್ದರು. ಈಗ ಕೇಳುವುದನ್ನು ಬಿಟ್ಟು ಬಾಗಿಲು ಮುಚ್ಚುತ್ತಾರೆ.

ಕಥೆ ಶುರುವಾಗುವುದು 1970ರ ದಶಕದ ನ್ಯೂಯಾರ್ಕ್ ಕಡೆಯಲ್ಲಿ. ಟಾಮ್ ಮೌಲ್ಟನ್ ಎಂಬಾತ ಫೈರ್ ಐಲ್ಯಾಂಡಿನ ನೃತ್ಯಕೂಟಗಳಲ್ಲಿ ಒಂದು ಸಂಗತಿ ಗಮನಿಸಿದ. ಕುಣಿಯುವವರಿಗೆ ಕಾವು ಏರುವ ಹೊತ್ತಿಗೆ ಮೂರು ನಿಮಿಷದ ಹಾಡು ಮುಗಿದುಬಿಡುತ್ತದೆ, ಮುಂದಿನ ಹಾಡಿನ ಲಯ ಕಾಲಿಗೆ ಸಿಗುವುದರೊಳಗೆ ಜನ ಚದುರುತ್ತಾರೆ. ಆತ ಮನೆಗೆ ಹೋಗಿ ಟೇಪ್ ಹಿಡಿದು ಕುಳಿತ. 45 ನಿಮಿಷದ ಒಂದು ಟೇಪ್ ಸಿದ್ಧಪಡಿಸಲು 80 ಗಂಟೆ ಹಿಡಿಯಿತಂತೆ. ಆಗಿನ ಎಡಿಟಿಂಗ್ ಎಂದರೆ ಟೇಪನ್ನು ನಿಜವಾಗಿಯೂ ಬ್ಲೇಡಿನಿಂದ ಕೊಯ್ದು, ತುದಿಗೆ ತುದಿ ಕೂಡಿಸಿ, ಅಂಟುಪಟ್ಟಿ ಹಚ್ಚುವುದು. ಒಂದು ಕೂದಲೆಳೆ ತಪ್ಪಿದರೆ ತಾಳ ಕುಂಟುತ್ತದೆ.

ಅದೇ ಮೌಲ್ಟನ್ ಮುಂದೆ ಒಂದು ಹಾಡನ್ನು ಗ್ರಾಮಫೋನಿನ ಮಾದರಿ ತಟ್ಟೆಗೆ ಕೊರೆಸಲು ಹೋದಾಗ ಏಳು ಇಂಚಿನ ಖಾಲಿ ತಟ್ಟೆಗಳು ಮುಗಿದಿದ್ದವು. ಇದ್ದ ದೊಡ್ಡ ತಟ್ಟೆಗೇ ಕೊರೆದರು. ಗೀರುಗಳಿಗೆ ಜಾಗ ಸಿಕ್ಕಿತು, ಸದ್ದು ದಪ್ಪವಾಯಿತು. 12 ಇಂಚಿನ ಸಿಂಗಲ್, ಅಂದರೆ ಒಂದೇ ಹಾಡಿಗೆ ಮೀಸಲಾದ ದೊಡ್ಡ ತಟ್ಟೆ, ಹುಟ್ಟಿದ್ದು ಹೀಗೆ, ಅಂಗಡಿಯಲ್ಲಿ ಸಾಮಾನು ಇಲ್ಲದ್ದರಿಂದ. ಸಾಮಾನು ಇಲ್ಲದಿರುವುದರಲ್ಲಿ ನಮ್ಮ ಭಾಗ ಯಾವತ್ತೂ ಹಿಂದೆ ಬಿದ್ದಿಲ್ಲ. ಆದರೂ ನಮ್ಮಲ್ಲಿ ಇಂಥದ್ದೇನೂ ಏಕೆ ಹುಟ್ಟಲಿಲ್ಲವೋ ತಿಳಿಯದು. 1976ರಲ್ಲಿ ವಾಲ್ಟರ್ ಗಿಬನ್ಸ್ ಎಂಬ ಡಿಜೆ ಸ್ಯಾಲ್‌ಸೋಲ್ ಎಂಬ ರೆಕಾರ್ಡ್ ಕಂಪನಿಗಾಗಿ ಒಂದು ಹಾಡನ್ನು ಒಂಬತ್ತು ನಿಮಿಷದಾಚೆ ಎಳೆದ. ಸಾರ್ವಜನಿಕರು ಕೊಂಡುಕೊಳ್ಳಬಹುದಾದ ಮೊದಲ 12 ಇಂಚಿನ ಸಿಂಗಲ್ ಅದೇ. ಗಾಯಕ ಎಲ್ಲಿಗೂ ಹೋಗಲಿಲ್ಲ. ಅವನು ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಡ್ರಮ್ಮಿಗೂ ಬೇಸ್ ಗಿಟಾರಿಗೂ ಮಾತನಾಡಲು ಅವಕಾಶ ಸಿಕ್ಕಿತು, ಅಷ್ಟೆ.

ಇದೆಲ್ಲ ಪರದೇಶದ ವಿಷಯ ಎನ್ನುವವರಿಗೆ ಒಂದು ಮಾತು. 1974ರಲ್ಲಿ ಲಂಡನ್ನಿನಲ್ಲಿ ಕುಳಿತು ಜಗತ್ತನ್ನೇ ಕುಣಿಸಿದ ನಿರ್ಮಾಪಕರೊಬ್ಬರು ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ. ಹೆಸರು ಬಿದ್ದು. ಕನ್ನಡದಲ್ಲಿ ಇಂಥ ಹೆಸರಿಟ್ಟುಕೊಂಡು ಅಷ್ಟು ಮೇಲೆ ಹೋದವರು ಬೇರೆ ಯಾರೂ ಇರಲಿಕ್ಕಿಲ್ಲ.

ಈಗ ನಮ್ಮ ಓಣಿಗೆ ಬರೋಣ. ಇಲ್ಲಿ ಒಬ್ಬ ಡಿಜೆ ಹುಡುಗನಿದ್ದಾನೆ. ಮದುವೆ, ಜಯಂತಿ, ಗಣಪತಿ, ವಾರ್ಡಿನಲ್ಲಿ ಗೆದ್ದವರ ವಿಜಯೋತ್ಸವ, ಸೋತವರ ಆತ್ಮಾವಲೋಕನ, ಎಲ್ಲಕ್ಕೂ ಅವನದೇ ಲಾರಿ. ಅದರ ಮೇಲೆ ಮನೆಯೆತ್ತರಕ್ಕೆ ಸ್ಪೀಕರ್ ಡಬ್ಬಿಗಳು, ಹಿಂದೆ ಜನರೇಟರ್, ನಡುವೆ ಒಂದು ಲ್ಯಾಪ್‌ಟಾಪ್. ಒಂದು ಸಂಜೆ ಧೈರ್ಯ ಮಾಡಿ ಅವನ ಬಳಿ ಹೋಗಿ ಮೌಲ್ಟನ್ನನ ಕಥೆ ಹೇಳಿದೆ. 80 ಗಂಟೆ ಎಂದಾಗ ಅವನು ಮರುಕದಿಂದ ನೋಡಿದ.

“ನಾನು ಹನ್ನೊಂದು ನಿಮಿಷಕ್ಕೆ ಮುಗಿಸುತ್ತೇನೆ ಕಾಕಾ.”

“ಹೇಗೆ ತಮ್ಮಾ?”

“ಮೊದಲು ಹಾಡನ್ನು ತೆಗೆಯುತ್ತೇನೆ.”

“ಹಾಡನ್ನು ತೆಗೆದರೆ ಉಳಿಯುವುದೇನು?”

“ಹಾಡು ಇದ್ದರೆ ಜನ ಕುಣಿಯುವುದನ್ನು ಬಿಟ್ಟು ಕೇಳುತ್ತಾ ನಿಲ್ಲುತ್ತಾರೆ. ಮೆರವಣಿಗೆ ಮುಂದಕ್ಕೆ ಹೋಗುವುದಿಲ್ಲ. ಸೂಪರ್ ಮಾರ್ಕೆಟ್ ದಾಟುವುದರೊಳಗೆ ಹತ್ತು ಗಂಟೆಯಾದರೆ ಪೊಲೀಸರು ಬರುತ್ತಾರೆ. ಆದ್ದರಿಂದ ಹಾಡು ಇರಬಾರದು.”

ಕಾನೂನಿನ ಮೇಲೆ ಇಷ್ಟು ಗೌರವವುಳ್ಳ ಕಲಾವಿದನನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅವನ ಪದ್ಧತಿ ಸರಳ. ಜೋಗುಳವಾಗಲಿ, ತತ್ವಪದವಾಗಲಿ, ಮಗಳನ್ನು ಗಂಡನ ಮನೆಗೆ ಕಳಿಸುವಾಗಿನ ಅಳುವ ಹಾಡಾಗಲಿ, ಎಲ್ಲವನ್ನೂ ನಿಮಿಷಕ್ಕೆ 130 ಪೆಟ್ಟಿನ ಒಂದೇ ಗಾಣಕ್ಕೆ ಕಟ್ಟುತ್ತಾನೆ. ಮೂಲದಿಂದ ಉಳಿಸಿಕೊಳ್ಳುವುದು ಮೊದಲ ಎರಡು ಪದ. ಅವುಗಳಲ್ಲಿ ಮೊದಲನೆಯದನ್ನು ಎಂಟು ಸಲ, ಅದರ ಮೊದಲ ಅಕ್ಷರವನ್ನು ಹದಿನಾರು ಸಲ, ಕೊನೆಗೆ ಅಕ್ಷರದ ಕಾಗುಣಿತವೂ ಉಳಿಯದಂತೆ ಮೂವತ್ತೆರಡು ಸಲ ನುಡಿಸುತ್ತಾನೆ. ಆಮೇಲೆ ಸೈರನ್. ಆಮೇಲೆ ‘ಧಡ್’. ನಮ್ಮ ಮಿಲ್ಲಿನಲ್ಲಿ ತೊಗರಿಯ ಹೊಟ್ಟು ತೆಗೆದು ಬೇಳೆ ಮಾರುತ್ತೇವೆ. ಈ ಹುಡುಗ ಬೇಳೆಯನ್ನು ಗಟಾರಕ್ಕೆ ಚೆಲ್ಲಿ ಹೊಟ್ಟನ್ನು ಮೆರವಣಿಗೆ ಮಾಡುತ್ತಾನೆ, ಅದಕ್ಕೆ ಮುಂಗಡವನ್ನೂ ಪಡೆಯುತ್ತಾನೆ.

ಹಳೆಯ ಫಂಕ್ ಹಾಡುಗಳನ್ನು ಇಂದಿನ ನೃತ್ಯಕೂಟಗಳಿಗೆ ಅಣಿಗೊಳಿಸುವವರು ಇಂದಿಗೂ ಪಡುವ ಪಾಡನ್ನು ಅವನಿಗೆ ವಿವರಿಸಲು ನೋಡಿದೆ. ಆಗಿನ ಡ್ರಮ್ ಬಾರಿಸುವವನು ಮನುಷ್ಯ, ಗಡಿಯಾರವಲ್ಲ. ಹುರುಪು ಬಂದಾಗ ಸ್ವಲ್ಪ ಓಡುತ್ತಾನೆ, ದಣಿದಾಗ ಸ್ವಲ್ಪ ಹಿಂದೆ ಬೀಳುತ್ತಾನೆ. ಅದನ್ನು ಕಂಪ್ಯೂಟರಿನ ಲಯಕ್ಕೆ ಕೂಡಿಸಬೇಕು, ಆದರೆ ಅವನ ಬೆವರಿನ ವಾಸನೆ ಹೋಗಬಾರದು. ಹಾಡಿನ ಮುಂದೆ ಬರಿಯ ತಾಳದ ಒಂದಿಷ್ಟು ಭಾಗ ಜೋಡಿಸಬೇಕು, ಹಿಂದಿನ ಹಾಡಿನಿಂದ ಇದಕ್ಕೆ ದಾಟಲು ಡಿಜೆಗೆ ಒಂದು ಕಾಲುಸೇತುವೆ ಇರಲಿ ಎಂದು. ಹುಡುಗ ಎಲ್ಲವನ್ನೂ ಸಮಾಧಾನದಿಂದ ಕೇಳಿಸಿಕೊಂಡ. “ಕಾಕಾ, ಅಷ್ಟು ಕಷ್ಟಪಟ್ಟರೆ ಕಿಟಕಿಯ ಗಾಜು ಅಲುಗಾಡುತ್ತದೆಯೇ?” ಎಂದ.

ಗಾಜು ಅಲುಗಾಡುವುದೇ ನಮ್ಮಲ್ಲಿ ಗುಣಮಟ್ಟದ ಅಳತೆ. ಇದಕ್ಕೆ ವಿಜ್ಞಾನವಿದೆ. 50 ಹರ್ಟ್ಸ್‌ನ ಒಂದು ಶಬ್ದದ ಅಲೆ ಗಾಳಿಯಲ್ಲಿ ಸುಮಾರು ಏಳು ಮೀಟರ್ ಉದ್ದವಿರುತ್ತದೆ. ನಮ್ಮ ಓಣಿಯ ಅಗಲವೇ ಅಷ್ಟಿಲ್ಲ. ಹೀಗಾಗಿ ಅಲೆ ಓಣಿಯಲ್ಲಿ ಹಿಡಿಸದೆ ಮನೆಯೊಳಗೆ ನುಗ್ಗುತ್ತದೆ, ಜಾಗವಿಲ್ಲದೆ ಬೈಕುಗಳು ಕಟ್ಟೆಯ ಮೇಲೆ ಹತ್ತುವಂತೆ. ಗೋಡೆಗೂ ಅದು ಹೆದರುವುದಿಲ್ಲ. ಹೋದ ವರ್ಷ ಒಂದು ಬರಾತ್ ನಮ್ಮ ಮನೆಯ ಮುಂದೆ ಮುಕ್ಕಾಲು ಗಂಟೆ ನಿಂತಾಗ ಅಡುಗೆಮನೆಯ ಅಟ್ಟದ ಮೇಲಿದ್ದ ಹಿತ್ತಾಳೆಯ ಕೊಡ ತಾನಾಗಿಯೇ ನಡೆದು ಅಂಚಿಗೆ ಬಂದು ನಿಂತಿತು. ವರನ ಕುದುರೆ ಮಾತ್ರ ಅಲುಗಾಡಲಿಲ್ಲ. ಅದರ ಕಿವಿ ಹೋಗಿ ಎರಡು ಹಂಗಾಮು ಆಯಿತೆಂದು ಕುದುರೆಯವನು ಹೇಳಿದ.

ನಿಯಮ ಇಲ್ಲವೆಂದಲ್ಲ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಕೂಡದು. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರನ್ನು ನಿಶ್ಶಬ್ದ ವಲಯವೆಂದು ಘೋಷಿಸಬಹುದು. ಹಬ್ಬಹರಿದಿನಗಳಿಗೆಂದು ಸರ್ಕಾರ ವರ್ಷದಲ್ಲಿ 15 ದಿನ ಮೀರದಂತೆ ಮಧ್ಯರಾತ್ರಿಯವರೆಗೆ ಸಡಿಲಿಕೆ ಕೊಡಬಹುದು. ಆ 15 ದಿನ ಯಾವುವು ಎಂಬುದನ್ನು ನಮ್ಮವರು ಪ್ರತಿದಿನವೂ ಹೊಸದಾಗಿ ತೀರ್ಮಾನಿಸುತ್ತಾರೆ.

ಮೊಬೈಲಿನಲ್ಲಿ ಅಳೆದು ನೋಡಿದೆ, ನಮ್ಮ ಬಾಗಿಲಲ್ಲಿ 108 ಬಂತು. ಡೆಸಿಬಲ್ ಲೆಕ್ಕ ತೊಗರಿಯ ಲೆಕ್ಕದಂತಲ್ಲ. ಹತ್ತು ಏರಿದರೆ ಶಬ್ದದ ಶಕ್ತಿ ಹತ್ತು ಪಟ್ಟಾಗುತ್ತದೆ. 55ರಿಂದ 108ಕ್ಕೆ ಬಂದಾಗ ಅದು ಲಕ್ಷ ಪಟ್ಟನ್ನೂ ದಾಟಿರುತ್ತದೆ. ಇದನ್ನು ಕಾಗದದ ಮೇಲೆ ಬರೆದುಕೊಂಡು ಸಂಬಂಧಪಟ್ಟ ಕಚೇರಿಗೆ ಹೋದೆ. ಅಲ್ಲಿಯವರು ಸಜ್ಜನರು. ಮೊಬೈಲಿನ ಅಳತೆ ನಡೆಯುವುದಿಲ್ಲ, ಧ್ವನಿಮಾಪಕದಿಂದಲೇ ಆಗಬೇಕು ಎಂದರು. ಧ್ವನಿಮಾಪಕ ಎಲ್ಲಿ ಎಂದೆ. ದುರಸ್ತಿಗೆ ಹೋಗಿದೆ ಎಂದರು. ಏನಾಗಿತ್ತು ಎಂದೆ. “ಕಳೆದ ಮೆರವಣಿಗೆಯಲ್ಲಿ ಅಳೆಯಲು ಒಯ್ದಿದ್ದೆವು.”

ರೀಎಡಿಟ್ ಎಂಬ ವಿದ್ಯೆ ನಮಗೆ ಹೊಸದಲ್ಲ ಎಂಬುದೂ ಆಗಲೇ ಹೊಳೆದದ್ದು. 2014ರಲ್ಲಿ ಗುಲ್ಬರ್ಗ ಕಲಬುರಗಿಯಾಯಿತು. ನನಗೂ ಸಂತೋಷವೇ, ಮನೆಯಲ್ಲಿ ಮೊದಲಿನಿಂದಲೂ ಹಾಗೆಯೇ ಕರೆಯುತ್ತಿದ್ದೆವು. 2019ರಲ್ಲಿ ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕವಾಯಿತು. ತಟ್ಟೆಯ ನಡುವಿನ ಚೀಟಿ ಹೊಸದು, ಗೀರು ಹಳೆಯದು, ಸೂಜಿ ಅದೇ ಗುಂಡಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಅದರ ಮಾತು ಇನ್ನೊಮ್ಮೆ.

ಈ ಗದ್ದಲದಲ್ಲಿ ಹಲಗೆಯವರು ಎಲ್ಲಿ ಹೋದರು? ಇದ್ದಾರೆ, ಲಾರಿಯ ಹಿಂದೆ. ಶಾಸ್ತ್ರಕ್ಕೆ ಬೇಕೆಂದು ಇಬ್ಬರನ್ನು ಕರೆಸುತ್ತಾರೆ. ಅವರು ಬಾರಿಸುತ್ತಿರುವುದು ಅವರ ಕೈ ಏಳುವುದರಿಂದ ಗೊತ್ತಾಗುತ್ತದೆ, ಸದ್ದಿನಿಂದಲ್ಲ. ಹುಡುಗನ ಲ್ಯಾಪ್‌ಟಾಪಿನಲ್ಲಿ ‘ಹಲಗೆ ಹೊಸದು’ ಎಂಬ ಕಡತವೊಂದಿದೆ. ಕೇಳಿದರೆ, ಅದೇ ಇಬ್ಬರಲ್ಲಿ ಹಿರಿಯನು ಒಂದು ಜಾತ್ರೆಯಲ್ಲಿ ಬಾರಿಸಿದ್ದನ್ನು ಮೊಬೈಲಿನಲ್ಲಿ ಹಿಡಿದದ್ದಂತೆ. ಹೀಗೆ ಹಿರಿಯನ ಪೆಟ್ಟು ಲಾರಿಯ ಮೇಲಿಂದ ಊರಿಗೆಲ್ಲ ಕೇಳುತ್ತದೆ, ಹಿರಿಯ ಲಾರಿಯ ಹೊಗೆಯಲ್ಲಿ ಮೌನವಾಗಿ ಕೈ ಎತ್ತುತ್ತಿರುತ್ತಾನೆ. ಕೂಲಿ ಕೈ ಎತ್ತಿದ್ದಕ್ಕೆ. ಅಮೆರಿಕದಲ್ಲೂ ಇದಕ್ಕೆ ಪೂರ್ವಜರಿದ್ದಾರೆ. ಫಂಕ್ ಗಾಯಕ ಜೇಮ್ಸ್ ಬ್ರೌನ್ ತಂಡದ ಕ್ಲೈಡ್ ಸ್ಟಬಲ್‌ಫೀಲ್ಡ್ 1969ರಲ್ಲಿ ಬಾರಿಸಿದ ಕೆಲವೇ ಕ್ಷಣಗಳ ಡ್ರಮ್ ತುಣುಕನ್ನು ಮುಂದೆ ಲೆಕ್ಕವಿಲ್ಲದಷ್ಟು ಹಾಡುಗಳು ಎತ್ತಿಕೊಂಡವು. ಹಾಡಿನ ಕರ್ತೃಗಳಲ್ಲಿ ಅವರ ಹೆಸರಿರಲಿಲ್ಲವಾದ್ದರಿಂದ ರಾಯಲ್ಟಿಯೂ ಅವರಿಗೆ ಬರಲಿಲ್ಲ. ಆ ಹಿರಿಯನಿಗೆ ಇದನ್ನು ಹೇಳಿದೆ. “ಅವರಿಗೆ ಊಟವನ್ನಾದರೂ ಹಾಕಿದರೇನು?” ಎಂದು ಕೇಳಿದ.

ಶಾಂತಿ ಸಭೆಯಲ್ಲಿ ಪ್ರತಿ ಸಲ ಒಬ್ಬರು ಎದ್ದು ಈ ಡಿಜೆಗಳನ್ನೆಲ್ಲ ಒಂದೆಡೆ ಹಾಕಿ ಸುಡಬೇಕು ಎನ್ನುತ್ತಾರೆ. ಚಿಕಾಗೋದವರು ಅದನ್ನೂ ಮಾಡಿ ನೋಡಿದ್ದಾರೆ. 1979ರ ಜುಲೈ 12ರಂದು ಕೊಮಿಸ್ಕಿ ಪಾರ್ಕ್ ಎಂಬ ಬೇಸ್‌ಬಾಲ್ ಮೈದಾನದಲ್ಲಿ, ಡಿಸ್ಕೋ ದ್ವೇಷಿಯಾದ ಒಬ್ಬ ರೇಡಿಯೋ ನಿರೂಪಕನ ನೇತೃತ್ವದಲ್ಲಿ, ಪೆಟ್ಟಿಗೆ ತುಂಬ ಡಿಸ್ಕೋ ತಟ್ಟೆಗಳನ್ನಿಟ್ಟು ಸ್ಫೋಟಿಸಿದರು. ಜನ ಮೈದಾನಕ್ಕೆ ನುಗ್ಗಿದರು, ಹುಲ್ಲು ಸುಟ್ಟಿತು, ಅಂದು ನಡೆಯಬೇಕಿದ್ದ ಎರಡು ಪಂದ್ಯಗಳಲ್ಲಿ ಎರಡನೆಯದನ್ನು ಆತಿಥೇಯ ತಂಡ ಆಡದೆಯೇ ಸೋತಿತು. ಡಿಸ್ಕೋ ಸತ್ತಿತೇ? ಅದೇ ಚಿಕಾಗೋದಲ್ಲಿ ಫ್ರಾಂಕಿ ನಕಲ್ಸ್ ಎಂಬ ಡಿಜೆ ಹಳೆಯ ಡಿಸ್ಕೋ ಹಾಡುಗಳನ್ನು ಟೇಪಿನಲ್ಲಿ ಕತ್ತರಿಸಿ ಅಂಟಿಸುತ್ತಾ ಕುಳಿತಿದ್ದ. ಅದರಿಂದ ಹೌಸ್ ಎಂಬ ಹೊಸ ನೃತ್ಯಸಂಗೀತ ಹುಟ್ಟಿತು.

ನಮ್ಮ ಹುಡುಗನಿಗೆ ಬುದ್ಧಿ ಬಂದದ್ದೂ ನಿಷೇಧದಿಂದಲೇ. ಈ ಸಲ ಹಬ್ಬಕ್ಕೆ ಮೂರು ದಿನ ಮೊದಲು ಒಂದು ಆಟೋ ಓಣಿ ಓಣಿ ಸುತ್ತಿ ಆದೇಶವನ್ನು ಸಾರಿತು: “ಸಾರ್ವಜನಿಕರಲ್ಲಿ ವಿನಂತಿ. ಡಿಜೆ ಬಳಕೆಯನ್ನು ಸಂಪೂರ್ಣವಾಗಿ ನಿರ್ಬಂಧಿಸಲಾಗಿದೆ.” ಹುಡುಗ ಮಾಳಿಗೆಯ ಮೇಲೆ ನಿಂತು ಅದನ್ನು ಮೊಬೈಲಿಗೆ ಹಿಡಿದುಕೊಂಡ. ಆ ರಾತ್ರಿ ನನ್ನ ಬಳಿ ಬಂದು ಮೌಲ್ಟನ್ನನ ಕಥೆಯನ್ನು ಇನ್ನೊಮ್ಮೆ ಹೇಳಿಸಿಕೊಂಡ. ಮೊದಲ ಬಾರಿಗೆ ಮೂಲದ ಒಂದು ಅಕ್ಷರವನ್ನೂ ಕೆಡಿಸದೆ ಕೆಲಸ ಮಾಡಿದ. ‘ಸಾರ್ವಜನಿಕರಲ್ಲಿ’ ಬರುವ ಮೊದಲು ಬರಿಯ ತಾಳದ ಪೀಠಿಕೆ. ‘ವಿನಂತಿ’ಯ ನಂತರ ಎಲ್ಲ ವಾದ್ಯ ನಿಂತು ಹಲಗೆ ಮಾತ್ರ. ‘ನಿರ್ಬಂಧಿಸಲಾಗಿದೆ’ಯಲ್ಲಿ ಎಷ್ಟು ಚೆಂದದ ಒತ್ತಕ್ಷರವಿದೆಯೆಂದು ನನಗೂ ಅಂದೇ ತಿಳಿದದ್ದು. ಒಟ್ಟು ಒಂಬತ್ತು ನಿಮಿಷ. ನಿಜ ಹೇಳಬೇಕೆಂದರೆ ನನ್ನ ಕಾಲೂ ಅಲುಗಿತು.

ಮೆರವಣಿಗೆಯಲ್ಲಿ ಅದನ್ನು ನಾಲ್ಕು ಸಲ ಹಾಕಿಸಿದರು. ತಡೆಯಲು ಬಂದ ಜೀಪಿನವರಿಗೂ ಏನು ಮಾಡಬೇಕೆಂದು ತಿಳಿಯಲಿಲ್ಲ, ಏಕೆಂದರೆ ಆದೇಶವನ್ನು ಪ್ರಚಾರ ಮಾಡುವುದು ಅಪರಾಧವಲ್ಲ. ಅವರಲ್ಲೊಬ್ಬರ ಬೆರಳು ಬಾನೆಟ್ಟಿನ ಮೇಲೆ ತಾಳ ಹಾಕುತ್ತಿದ್ದದ್ದನ್ನು ನಾನು ನೋಡಿದೆ, ಹೆಸರು ಹೇಳುವುದಿಲ್ಲ.

ಮೊನ್ನೆ ಆಟೋದವನು ಹುಡುಗನ ಮನೆಗೆ ಬಂದಿದ್ದ. ಮುಂದಿನ ಹಬ್ಬಕ್ಕೆ ಮತ್ತೆ ಸಾರಬೇಕಂತೆ, ಪೆನ್ ಡ್ರೈವ್ ಕೆಟ್ಟಿದೆಯಂತೆ, ಕಚೇರಿಯಲ್ಲಿ ಮೂಲ ಧ್ವನಿಮುದ್ರಣ ಯಾರ ಬಳಿಯೂ ಇಲ್ಲವಂತೆ. ನಿನ್ನ ಹತ್ತಿರ ಇದೆಯೇ ತಮ್ಮಾ ಎಂದು ಕೇಳಿದ. ಹುಡುಗ ಇದ್ದದ್ದನ್ನು ಕೊಟ್ಟ.

ಇಂದು ಬೆಳಿಗ್ಗೆಯಿಂದ ಶಹಾಬಜಾರಿನಲ್ಲಿ ಡಿಜೆ ನಿಷೇಧದ ಆಟೋ ಸುತ್ತುತ್ತಿದೆ. ಹಿಂದೆ ಇಪ್ಪತ್ತು ಮೂವತ್ತು ಮಕ್ಕಳು ಕುಣಿಯುತ್ತಿದ್ದಾರೆ. ನಮ್ಮ ಅಟ್ಟದ ಕೊಡ ಆಗಲೇ ನಾಲ್ಕು ಬೆರಳು ಮುಂದೆ ಬಂದಿದೆ.