ಲೇಹ್‌ನಲ್ಲಿ ನಿಂತ ಗೊರಕೆ

ಮುಳ್ಳಯ್ಯನಗಿರಿಯನ್ನು ಎರಡು ಬಾರಿ ಹತ್ತಿದವನೆಂಬ ಹೆಮ್ಮೆಯಿಂದ ನಾನು ಲೇಹ್‌ನಲ್ಲಿ ವಿಮಾನದಿಂದ ಇಳಿದೆ. ಆ ಗಿರಿಯ ತುದಿ ಸುಮಾರು 1,930 ಮೀಟರ್ ಎತ್ತರದಲ್ಲಿದ್ದರೆ, ಲೇಹ್ ಪಟ್ಟಣವೇ ಸುಮಾರು 3,500 ಮೀಟರ್ ಎತ್ತರದಲ್ಲಿದೆಯೆಂದು ನನ್ನ ಹೆಂಡತಿ ದಾರಿಯುದ್ದಕ್ಕೂ ಓದಿ ಹೇಳಿದ್ದಳು. ಮೊದಲ ದಿನ ಸುಮ್ಮನೆ ಮಲಗಿರಬೇಕೆಂದು ವಸತಿಗೃಹದವರೂ ಎಚ್ಚರಿಸಿದರು. ಯಾರ ಮಾತನ್ನೂ ಕೇಳದೆ ಪೆಟ್ಟಿಗೆಯನ್ನು ಹೆಗಲಿಗೇರಿಸಿ ಮಹಡಿ ಹತ್ತಿದವನು ಹದಿನೆಂಟನೆಯ ಮೆಟ್ಟಿಲಿನಲ್ಲಿ ಕುಳಿತುಬಿಟ್ಟೆ. ಬೆನ್ನಿಗೆ ಬುಟ್ಟಿ ಕಟ್ಟಿಕೊಂಡ ಅಜ್ಜಿಯೊಬ್ಬರು ನನ್ನನ್ನು ದಾಟಿ ಹೋಗುತ್ತಾ 'ಜುಲೇ' ಎಂದು ನಮಸ್ಕರಿಸಿದರು. ಎರಡಕ್ಷರದ ಆ ಮಾತನ್ನು ಮರಳಿಸಲು ನನ್ನಲ್ಲಿ ಉಸಿರಿರಲಿಲ್ಲ.

ಆಮ್ಲಜನಕದ ಪಾಲು ಅಲ್ಲಿಯೂ ಶೇಕಡಾ 21ರಷ್ಟೇ. ಇಳಿಯುವುದು ಗಾಳಿಯ ಒತ್ತಡ. ಹಾಲಿಗೆ ನೀರು ಬೆರೆಸದೆ, ಅಳೆಯುವ ಪಾವನ್ನೇ ಚಿಕ್ಕದು ಮಾಡಿಕೊಂಡ ಹಾಲಿನವನಂತೆ, ಲೇಹ್‌ನ ಗಾಳಿ ಒಂದು ಉಸಿರಿಗೆ ಸಮುದ್ರಮಟ್ಟದ ಮೂರರಲ್ಲಿ ಎರಡು ಪಾಲು ಆಮ್ಲಜನಕವನ್ನು ಮಾತ್ರ ಅಳೆದುಕೊಡುತ್ತದೆ.

ಅದೇ ಒತ್ತಡ ನನ್ನ ಪುಳಿಯೋಗರೆ ಗೊಜ್ಜಿನ ಮೇಲೂ ಸೇಡು ತೀರಿಸಿಕೊಂಡಿತು. ಬೆಂಗಳೂರಿನ ಗಾಳಿಯನ್ನು ಒಳಗಿಟ್ಟುಕೊಂಡು ಬಂದಿದ್ದ ಪೊಟ್ಟಣ, ಹೊರಗೆ ಅದುಮಿ ಹಿಡಿಯುವವರಿಲ್ಲದೆ ಪೂರಿಯಂತೆ ಉಬ್ಬಿತ್ತು. ಕತ್ತರಿ ಹುಡುಕುವ ಶ್ರಮವೇಕೆಂದು ಹಲ್ಲಿನಿಂದ ಕಚ್ಚಿದೆ. ಗೊಜ್ಜು ನನ್ನ ಕನ್ನಡಕ, ಬಿಳಿಯ ಗೋಡೆ ಮತ್ತು ಹೊಸ ಸ್ವೆಟರಿಗೆ ಸಮನಾಗಿ ಹಂಚಿಹೋಯಿತು. ಉಳಿದ ಚೂರನ್ನು ಕಲಸಲು ತರಿಸಿದ ಅನ್ನವೋ, ತೆರೆದ ಪಾತ್ರೆಯಲ್ಲಿ ಬೆಂದದ್ದು. ಅಲ್ಲಿ ನೀರು ಸುಮಾರು 88 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುವುದರಿಂದ ಅಗುಳಿನ ನಡುವೆ ಅಕ್ಕಿ ಅಕ್ಕಿಯಾಗಿಯೇ ಉಳಿದಿತ್ತು.

ನಿಜವಾದ ಗಲಾಟೆ ನಡೆದದ್ದು ರಾತ್ರಿ. ಇಪ್ಪತ್ತು ವರ್ಷಗಳಿಂದ ನನ್ನ ಗೊರಕೆಯನ್ನು ಶಪಿಸುತ್ತಾ ಮಲಗಿದವಳು ಅಂದು ಅದು ಇದ್ದಕ್ಕಿದ್ದಂತೆ ನಿಂತದ್ದಕ್ಕೆ ಎಚ್ಚರಗೊಂಡಳು. ಹತ್ತು ಸೆಕೆಂಡು ಕಾದು, ನಾನು ಹೋದೆನೆಂದೇ ತೀರ್ಮಾನಿಸಿ, "ರೀ, ಉಸಿರಾಡ್ತಿದ್ದೀರಾ?" ಎಂದು ಭುಜ ಹಿಡಿದು ಅಲುಗಿಸಿದಳು. ನಾನು ಏದುಸಿರು ಬಿಡುತ್ತಾ ಎದ್ದು ಕುಳಿತೆ. ಬೆಳಗಾಗುವವರೆಗೆ ಈ ಪ್ರಶ್ನೋತ್ತರ ಹಲವು ಸಲ ನಡೆಯಿತು.

ಮರುದಿನ ವೈದ್ಯರು ನಕ್ಕು ವಿವರಿಸಿದರು: ಆಮ್ಲಜನಕ ಸಾಲದೆ ದೇಹ ವೇಗವಾಗಿ ಉಸಿರಾಡುತ್ತದೆ, ಅದರಿಂದ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ತೀರ ಕಡಿಮೆಯಾಗುತ್ತದೆ, ಅದನ್ನೇ ನೋಡಿ ಉಸಿರಿನ ಲೆಕ್ಕವಿಡುವ ಮೆದುಳು, ಇನ್ನು ಅವಸರವಿಲ್ಲವೆಂದು ಕೆಲಹೊತ್ತು ಕೆಲಸ ನಿಲ್ಲಿಸುತ್ತದೆ, ಮತ್ತೆ ಗಾಬರಿಬಿದ್ದು ಏದುಸಿರು ತೆಗೆಸುತ್ತದೆ. ಕೂತಲ್ಲೇ ಏದುಸಿರು, ಬಿಡದ ಕೆಮ್ಮು ಅಥವಾ ನಡಿಗೆಯಲ್ಲಿ ತೂರಾಟ ಕಂಡರೆ ಮಾತ್ರ ತಡಮಾಡದೆ ಕೆಳಗಿಳಿಯಬೇಕೆಂದು ಗಂಭೀರವಾಗಿ ಹೇಳಿ, ಅಸೆಟಜೋಲಮೈಡ್ ಮಾತ್ರೆ ಬರೆದುಕೊಟ್ಟರು. ಅದು ಬೆರಳುಗಳಿಗೆ ಜುಮುಜುಮು ತಂದು, ರಾತ್ರಿ ನಾಲ್ಕು ಬಾರಿ ನನ್ನನ್ನು ಬಚ್ಚಲಿಗೆ ಓಡಿಸಿದರೂ ಉಸಿರಿನ ಲಯವನ್ನು ದಾರಿಗೆ ತಂದಿತು.

ಮೂರನೆಯ ರಾತ್ರಿ ನನ್ನ ಗೊರಕೆ ಎಡೆಬಿಡದೆ ಸಾಗಿತಂತೆ. ಹೆಂಡತಿ ಅದನ್ನು ಕೇಳುತ್ತಾ ನೆಮ್ಮದಿಯಿಂದ ನಿದ್ದೆಹೋದಳಂತೆ. ನಾಲ್ಕನೆಯ ರಾತ್ರಿ ಅವಳ ಮೊಣಕೈ ಎಂದಿನಂತೆ ನನ್ನ ಪಕ್ಕೆಗೆ ಬಂದು ತಿವಿಯಿತು.