ಭಾಷೆ ಬೆರೆಸುವ ಮಕ್ಕಳನ್ನು ಬೈಯಬೇಡ್ರಿ

“ನಮ್ಮ ಹುಡುಗ ಒಂದ್ ಭಾಷಾನೂ ನೆಟ್ಟಗ ಮಾತಾಡಂಗಿಲ್ರಿ, ಎಲ್ಲಾ ಕಲಸಿಬಿಡ್ತಾನ.” ಕಲಬುರಗಿಯಲ್ಲಿ ತಂದೆ ತಾಯಂದಿರ ಬಾಯಲ್ಲಿ ಈ ದೂರು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ದಖನಿ (ನಮ್ಮ ಕಡೆಯ ಆಡುಮಾತಿನ ಉರ್ದು), ಶಾಲೆಯಲ್ಲಿ ಇಂಗ್ಲಿಷ್. ಸೇಡಂ ಕಡೆಯವರಿಗೆ ತೆಲುಗು, ಆಳಂದ ಕಡೆಯವರಿಗೆ ಮರಾಠಿ, ತಾಂಡಾದ ಮಕ್ಕಳಿಗೆ ಲಂಬಾಣಿ. ಇಷ್ಟನ್ನೂ ದಿನವಿಡೀ ಸಂಭಾಳಿಸುವ ಮಗುವಿಗೆ ದಡ್ಡ ಅನ್ನುವುದು ಅನ್ಯಾಯ.

ಎರಡು ಭಾಷೆ ಬಲ್ಲವರು ಒಂದನ್ನು ಆಡುವಾಗ ಇನ್ನೊಂದೂ ತಲೆಯಲ್ಲಿ ಎಚ್ಚರವಾಗಿಯೇ ಇರುತ್ತದೆ. ಎದುರಿಗಿರುವವರು ಯಾರೆಂದು ನೋಡಿ ಒಂದನ್ನು ತಡೆದು ಇನ್ನೊಂದನ್ನು ಬಾಯಿಗೆ ತರಬೇಕು. ತೊಗರಿ ಸುಗ್ಗಿಯಲ್ಲಿ ನಮ್ಮ ಗಂಜ್‌ಗೆ, ಅಂದರೆ ಕಾಳು ಮಾರುವ ಮಾರುಕಟ್ಟೆಗೆ, ಹೋಗಿ ನೋಡಿ. ಹಮಾಲರು ರೈತರಿಗೆ ಕನ್ನಡದಲ್ಲಿ ಉತ್ತರ ಕೊಟ್ಟು, ಈ ಕಡೆ ತಿರುಗಿ ಲಾರಿ ಡ್ರೈವರ್‌ಗೆ ದಖನಿಯಲ್ಲಿ ಕೂಗಿ, ಅಡತಿ ಸಾಹುಕಾರರಿಗೆ ಹಿಂದಿಯಲ್ಲಿ ಚೀಲದ ಲೆಕ್ಕ ಒಪ್ಪಿಸುತ್ತಾರೆ. ಎಲ್ಲೂ ತಡವರಿಸುವುದಿಲ್ಲ. ಇದನ್ನು ನಾವು ಬುದ್ಧಿಯ ಕೆಲಸ ಅಂತ ಲೆಕ್ಕಕ್ಕೇ ಹಿಡಿದಿಲ್ಲ.

ಹೈದರಾಬಾದಿನ ನಿಮ್ಸ್ ಆಸ್ಪತ್ರೆಯಲ್ಲಿ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಡಿಮೆನ್ಷಿಯಾ (ಮರೆವಿನ ಕಾಯಿಲೆ) ಬಂದ 648 ಜನರ ದಾಖಲೆ ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದರು. ಒಂದೇ ಭಾಷೆ ಆಡುವವರಿಗಿಂತ ಹೆಚ್ಚು ಭಾಷೆ ಬಲ್ಲವರಲ್ಲಿ ಮರೆವಿನ ಲಕ್ಷಣಗಳು ಸುಮಾರು 4.5 ವರ್ಷ ತಡವಾಗಿ ಕಾಣಿಸಿದ್ದವು. ಕೆನಡಾದಲ್ಲಿ ಮೊದಲೇ ಇಂಥ ಅಧ್ಯಯನ ಆಗಿತ್ತು, ಆದರೆ ಅಲ್ಲಿನ ದ್ವಿಭಾಷಿಕರಲ್ಲಿ ಬಹಳಷ್ಟು ಜನ ವಲಸಿಗರು, ವ್ಯತ್ಯಾಸ ಅದರಿಂದಲೂ ಬಂದಿರಬಹುದೆಂಬ ಅನುಮಾನ ಉಳಿದಿತ್ತು. ಹೈದರಾಬಾದಿನವರು ಹುಟ್ಟಿ ಬೆಳೆದ ನೆಲದಲ್ಲೇ ತೆಲುಗು, ಉರ್ದು, ಹಿಂದಿ ಆಡಿಕೊಂಡು ಬಂದವರು, ನಮ್ಮ ಹಾಗೇ. ನನ್ನ ಮನಸ್ಸಿಗೆ ನಾಟಿದ್ದು ಇನ್ನೊಂದು ಸಂಗತಿ: ಅಕ್ಷರ ಕಲಿಯದವರಲ್ಲೂ ಈ ವ್ಯತ್ಯಾಸ ಕಂಡಿತ್ತು. ಅಂದರೆ ಶಾಲೆಯ ಮೆಟ್ಟಿಲು ಹತ್ತದೆ, ಸಂತೆಯಲ್ಲಿ, ಓಣಿಯಲ್ಲಿ ಕಲಿತ ಭಾಷೆಗೂ ಅಷ್ಟೇ ಬೆಲೆಯಿದೆ.

ಇದರಿಂದ ರೋಗವೇ ಬರುವುದಿಲ್ಲ ಅಂತ ಯಾರೂ ತಿಳಿಯಬಾರದು. ಎರಡಕ್ಕಿಂತ ಹೆಚ್ಚು ಭಾಷೆ ಬಂದರೆ ಇನ್ನೂ ಹೆಚ್ಚು ಲಾಭ ಅಂತಲೂ ಹೈದರಾಬಾದಿನ ಅಧ್ಯಯನದಲ್ಲಿ ಕಾಣಲಿಲ್ಲ. ಎರಡು ಭಾಷೆ ಬಲ್ಲವರಿಗೆ ಏಕಾಗ್ರತೆ ಹೆಚ್ಚುತ್ತದೆಯೇ ಎಂಬುದರಲ್ಲಿ ಸಂಶೋಧಕರಿಗೆ ಇನ್ನೂ ಒಮ್ಮತವಿಲ್ಲ. ಆದರೆ ಎರಡು ಭಾಷೆಯಿಂದ ಮಗುವಿನ ಬುದ್ಧಿ ಮಂಕಾಗುತ್ತದೆಂಬ ಹಳೇ ಭಯಕ್ಕೆ ಮಾಂಟ್ರಿಯಲ್‌ನಲ್ಲಿ 1962ರಲ್ಲೇ ಪೆಟ್ಟು ಬಿತ್ತು. ಅಲ್ಲಿ ಪರೀಕ್ಷೆಗೆ ಕೂತ ದ್ವಿಭಾಷಿಕ ಮಕ್ಕಳು ಹಿಂದೆ ಬೀಳಲಿಲ್ಲ.

ಹೀಗಿದ್ದೂ ಶಾಲೆಯ ಅಂಗಳದಲ್ಲಿ ಕನ್ನಡ ಆಡಿದರೆ ಮಕ್ಕಳಿಗೆ ದಂಡ ಹಾಕುವುದನ್ನು ಕೇಳಿದರೆ ಸಿಟ್ಟು ಬರುತ್ತದೆ. ಇಂಗ್ಲಿಷ್ ಕಲಿಯಲಿ, ಚೆನ್ನಾಗಿಯೇ ಕಲಿಯಲಿ. ಅದಕ್ಕಾಗಿ ಮನೆಯ ಮಾತನ್ನು ಯಾಕೆ ಬಿಡಿಸಬೇಕು? ಫೀಸು ಕಟ್ಟುವ ಮುಂಚೆ ಹೆಡ್‌ಮಾಸ್ತರರನ್ನು ಇದನ್ನು ಕೇಳ್ರಿ. ತಾಂಡಾದ ಅಂಗನವಾಡಿಗಳಲ್ಲಿ ಹೊಸದಾಗಿ ಬಂದ ಮಗುವಿನ ಜೊತೆ ಲಂಬಾಣಿಯಲ್ಲಿ ಮಾತಾಡುವ ಒಬ್ಬರಾದರೂ ಇರಲೇಬೇಕು.