ಸೋಫಿ ಬಂದು ಹೋಗುವವರೆಗೆ

ಜರ್ಮನಿಯ ಮನೆಗಳ ಕಿಟಕಿಗಳು ಒಳಮುಖವಾಗಿ ತೆರೆಯುತ್ತವೆ. ಹಾಗೆ ಮಾಡಿಸಿದ ಪುಣ್ಯಾತ್ಮನಿಗೆ ಟೊಮೆಟೊ ಬೆಳೆಯುವುದರ ಗಂಧಗಾಳಿಯೂ ಇರಲಿಲ್ಲವೆಂದು ಕಾಣುತ್ತದೆ. ಮಾರ್ಚ್ ತಿಂಗಳಲ್ಲಿ ಮ್ಯೂನಿಕ್‌ನಂಥ ಊರಿನಲ್ಲಿ ಸಸಿ ಎಬ್ಬಿಸಬೇಕೆಂದರೆ ಮನೆಯೊಳಗೆ ಒಂದಿಷ್ಟು ಬೆಳಕು ಬೀಳುವ ಜಾಗ ಕಿಟಕಿಯ ಕಟ್ಟೆಯೊಂದೇ. ಅದರ ಕೆಳಗೇ ಮನೆ ಬೆಚ್ಚಗಿಡುವ ಹೀಟರ್. ಮೇಲೆ ಬೆಳಕು, ಕೆಳಗೆ ಶಾಖ. ಬೀಜಕ್ಕೆ ಇನ್ನೇನು ಬೇಕು? 22 ಡಿಗ್ರಿಯ ಆಸುಪಾಸಿನಲ್ಲಿಟ್ಟರೆ ವಾರ, ಹತ್ತು ದಿನದೊಳಗೆ ಮೊಳಕೆ ಮೇಲೆದ್ದಿರುತ್ತದೆ. ಆದರೆ ಕಿಟಕಿ ತೆರೆಯಬೇಕಾದಾಗಲೆಲ್ಲ ಕಟ್ಟೆಯ ಮೇಲಿರುವ ಸಮಸ್ತ ಸಂಸಾರವನ್ನೂ ಎತ್ತಿ ಬೇರೆಡೆ ಇಡಬೇಕು. ನಾವು ಎತ್ತದಿದ್ದರೆ ಕಿಟಕಿಯೇ ಎತ್ತಿ ಹಾಕುತ್ತದೆ. ಇವತ್ತು ಬೆಳಿಗ್ಗೆ ಹಾಕಿತು.

ತೆರೆದವರು ನಮ್ಮವರು. ಇಲ್ಲಿ ಕಿಟಕಿಗಳನ್ನು ದಿನಕ್ಕೆ ಎರಡು ಮೂರು ಸಲ ಪೂರ್ತಿ ತೆರೆದು, ಕೆಲವು ನಿಮಿಷ ಗಾಳಿ ಹಾಯಿಸಿ ಮತ್ತೆ ಮುಚ್ಚುವ ಪದ್ಧತಿ ಇದೆ. ಬಾಡಿಗೆ ಕರಾರುಗಳಲ್ಲೂ ಅದರ ಪ್ರಸ್ತಾಪ ಇರುವುದುಂಟು. ಒಳಗಿನ ತೇವ ಹೊರಹೋಗದೆ ಗೋಡೆಗೆ ಬೂಷ್ಟು ಹಿಡಿದರೆ ತಪ್ಪು ಮನೆಯ ಮಾಲೀಕರದೋ ಬಾಡಿಗೆಗೆ ಇರುವವರದೋ ಎಂಬ ಜಗಳ ಕೋರ್ಟಿನವರೆಗೂ ಹೋಗುತ್ತದೆ. ಇಲ್ಲಿ ಹುಟ್ಟಿ ಬೆಳೆದವರು ಇದನ್ನು ಯೋಚಿಸದೆಯೇ ಮಾಡಿ ಮುಗಿಸುತ್ತಾರೆ. ನಮ್ಮವರು ಹಾಗಲ್ಲ. ದಾವಣಗೆರೆಯ ಧೂಳಿಗೆ ಹೆದರಿ ಕಿಟಕಿ ಮುಚ್ಚುವುದನ್ನಷ್ಟೇ ಕಲಿತು ಬಂದವರು. ಈಗ ಅವರದು ಹೊಸದಾಗಿ ದೀಕ್ಷೆ ತೆಗೆದುಕೊಂಡವರ ನಿಷ್ಠೆ.

ನಿಷ್ಠೆಗೆ ತಕ್ಕ ಉಪಕರಣವೂ ಇದೆ. ಗಾಳಿಯಲ್ಲಿ ಎಷ್ಟು ತೇವಾಂಶವಿದೆಯೆಂದು ತೋರಿಸುವ ಅಂಗೈಯಗಲದ ಯಂತ್ರವೊಂದು ನಮ್ಮ ನಡುಮನೆಯಲ್ಲಿ, ದೇವರ ಪಟದ ಪಕ್ಕದಲ್ಲೇ ಕೂತಿದೆ. ಎದ್ದೊಡನೆ ಅವರು ನೋಡುವುದು ಇದನ್ನು, ದೇವರು ಆಮೇಲೆ. ನಲವತ್ತರಿಂದ ಅರವತ್ತರೊಳಗಿದ್ದರೆ ಕಾಫಿ ಚೆನ್ನಾಗಿರುತ್ತದೆ. ಅರವತ್ತು ದಾಟಿದರೆ ಕಾಫಿ ಹೇಗಿದ್ದರೂ ಮುಖ ಬಿಗಿಯುತ್ತದೆ. “ಅರವತ್ತೆರಡು” ಎಂದು ಅವರು ಘೋಷಿಸುವ ದನಿ ಕೇಳಿದರೆ ಯಾರಾದರೂ ಜ್ವರದ ಲೆಕ್ಕವೆಂದುಕೊಳ್ಳಬೇಕು.

ತೇವ ಬಂದದ್ದೆಲ್ಲಿಂದ? ಸಸಿಗಳಿಂದ, ಎನ್ನುತ್ತಾರೆ. ಕುಂಡದ ಮಣ್ಣು ಒದ್ದೆ, ಎಲೆಗಳು ಉಸಿರಾಡುತ್ತವೆ, ಆ ನೀರೆಲ್ಲ ಮನೆಯ ಗಾಳಿಗೇ ಸೇರುತ್ತದೆ. ವಿಜ್ಞಾನ ಸರಿಯಾಗಿಯೇ ಇದೆ, ನನಗೆ ಸಿಟ್ಟು ಬರುವುದೂ ಅದಕ್ಕೇ. ಅಂದರೆ ಸಸಿಗಳಿರುವುದರಿಂದ ತೇವ, ತೇವ ಇರುವುದರಿಂದ ಗಾಳಿ, ಗಾಳಿ ಬೇಕಾದ್ದರಿಂದ ಸಸಿಗಳು ಕಟ್ಟೆ ಬಿಟ್ಟು ಕದಲಬೇಕು. ಹಾಗಾಗಿ ಮೊಸರಿನ ಖಾಲಿ ಡಬ್ಬಿಗಳಲ್ಲಿ ನೆಟ್ಟ ಸಸಿಗಳ ಮೆರವಣಿಗೆ ದಿನಾ ಬೆಳಿಗ್ಗೆ ಹೊರಡುತ್ತದೆ. ಕೆಲವು ಊಟದ ಮೇಜಿಗೆ, ಕೆಲವು ಬಟ್ಟೆ ಒಗೆಯುವ ಯಂತ್ರದ ಮೇಲಕ್ಕೆ, ಉಳಿದವು ನೇರ ಹಾಸಿಗೆಗೆ. ತಣ್ಣನೆಯ ಗಾಳಿ ತಗುಲಬಾರದೆಂದು ಹಾಸಿಗೆಯ ಪಾಲಿನವಕ್ಕೆ ನಾನು ಶಾಲು ಹೊದಿಸುವುದೂ ಉಂಟು. ಅಂಥ ಹೊತ್ತಿನಲ್ಲೇ ಒಮ್ಮೆ ಚಿಂತಾಮಣಿಯಿಂದ ಅಮ್ಮ ವಿಡಿಯೊ ಕರೆ ಮಾಡಿದಳು. ಹಾಸಿಗೆ, ಶಾಲು, ಪಕ್ಕದಲ್ಲಿ ಬಿಸಿನೀರಿನ ಚೀಲ ಎಲ್ಲವನ್ನೂ ದಿಟ್ಟಿಸಿ ನೋಡಿ, “ಇದೇನೇ, ಯಾರಿಗೆ ಬಾಣಂತನ?” ಎಂದಳು.

ಟೊಮೆಟೊ ಎಂದೆ. ಅಮ್ಮ ಬಹಳ ಹೊತ್ತು ಮಾತಾಡಲಿಲ್ಲ. “ನಮ್ಮಲ್ಲಿ ತಿಪ್ಪೆಗೆ ಎಸೆದ ಹಣ್ಣು ತಾನಾಗಿ ಹುಟ್ಟಿ ಕಾಯಿ ಬಿಡುತ್ತದೆ ಕಣೇ” ಎಂದು ಕೊನೆಗೆ ಹೇಳಿದಳು. ಅದರಲ್ಲಿ ನನ್ನ ಬಗೆಗಿನ ಮರುಕ ಎಷ್ಟು, ಅಳಿಯನ ಬಗೆಗಿನದು ಎಷ್ಟು ಎಂದು ಬಿಡಿಸಿ ಹೇಳಲಾರೆ.

ಮತ್ತೆ ಕಟ್ಟೆಗೆ ಮರಳಿಸುವ ಕೆಲಸ ನಮ್ಮವರದೇ. ಸಸಿಗಳು ಬೆಳಕಿನ ಕಡೆಗೆ ಕತ್ತು ಬಾಗಿಸಿರುತ್ತವಷ್ಟೆ. ಇವರು ಬಾಗಿದ ಮಗ್ಗುಲು ಮನೆಯ ಕಡೆಗೆ ಬರುವಂತೆ ತಿರುಗಿಸಿ ಇಡುತ್ತಾರೆ. ಪಾಪದವು ದಿನವಿಡೀ ತಿಣುಕಿ ಗಾಜಿನ ಕಡೆಗೆ ತಿರುಗುವಷ್ಟರಲ್ಲಿ ಮರುದಿನದ ಅರವತ್ತೆರಡು ಬಂದಿರುತ್ತದೆ. ಕುಂಡ ತಿರುಗಿಸುತ್ತಿದ್ದರೆ ಕಾಂಡ ನೆಟ್ಟಗೆ ಬೆಳೆಯುತ್ತದೆ ಎಂದು ತೋಟಗಾರಿಕೆ ಬಲ್ಲವರೆಲ್ಲ ಹೇಳುವ ಮಾತು ಅವರಿಗೆ ಹೇಗೋ ಗೊತ್ತಾಗಿಬಿಟ್ಟಿದೆ. ಸಸಿ ಚೆನ್ನಾಗಿ ಬಂದಿದೆ ಎಂದು ಮನೆಗೆ ಬಂದವರು ಯಾರಾದರೂ ಹೊಗಳಿದರೆ, “ದಿನಾ ತಿರುಗಿಸುತ್ತೇನೆ” ಎಂದು ವಿನಯದಿಂದ ತಲೆ ತಗ್ಗಿಸುತ್ತಾರೆ. ಬಿತ್ತಿದ್ದು, ನೀರೆರೆದದ್ದು, ಎರಡು ಬೀಜದೆಲೆಗಳ ನಡುವೆ ಮೊದಲ ನಿಜವಾದ ಎಲೆ ಹರಿದು ಬಂದ ಮೇಲೆ ಒಂದೊಂದನ್ನೂ ಬೇರೆ ಡಬ್ಬಿಗೆ ಬದಲಾಯಿಸಿದ್ದು ಯಾರೆಂದು ಯಾರೂ ಕೇಳುವುದಿಲ್ಲ.

ಹಾಗೆ ಬದಲಾಯಿಸುವಾಗ ಸಸಿಯನ್ನು ಎಲೆ ಹಿಡಿದು ಎತ್ತಬೇಕು, ಕಾಂಡ ಹಿಡಿಯಬಾರದು. ಎಲೆ ಹರಿದರೆ ಇನ್ನೊಂದು ಬರುತ್ತದೆ, ಕಾಂಡ ನಲುಗಿದರೆ ಕಥೆ ಮುಗಿಯಿತು. ಕಾಂಡದ ಮೇಲಿನ ನವಿರಾದ ಬಿಳಿ ರೋಮ ತಾಕಿದರೆ ಸಾಕು, ಬೆರಳಿಗೆ ಆ ಘಾಟು ವಾಸನೆ ಹತ್ತುತ್ತದೆ. ಸೋಪು ಹಾಕಿ ತೊಳೆದರೆ ನೀರು ಹಳದಿ ಹಸಿರಾಗಿ ಇಳಿಯುತ್ತದೆ. ಹಣ್ಣು ಬಿಡಿಸುವ ದಿನಗಳಲ್ಲಿ ಅಪ್ಪನ ಕೈಯೂ ಅಂಗಿಯ ತೋಳೂ ಹೀಗೇ ನಾರುತ್ತಿದ್ದವು; ಅಂಗೈಯ ಗೆರೆಗಳಲ್ಲಿ ಕಪ್ಪು ಹಸಿರು ಕರೆ ಕೂತಿರುತ್ತಿತ್ತು. ಬೆಲೆ ಬಂದ ವರ್ಷ ಮಾರುಕಟ್ಟೆಯಿಂದ ಮನೆಗೆ ಬರುವಾಗ ಮೈಸೂರುಪಾಕು ತರುತ್ತಿದ್ದರು. ಬೆಲೆ ಬೀಳುವ ವರ್ಷ ಕ್ರೇಟಿನ ಬಾಡಿಗೆಯೂ ಹುಟ್ಟದೆ ಹಣ್ಣನ್ನು ರಸ್ತೆ ಬದಿಗೇ ಸುರಿದು ಬರುತ್ತಿದ್ದರು. ಆಗ ಮಾತ್ರ ಆ ಕೈ ಯಾರೂ ಮೂಸುತ್ತಿರಲಿಲ್ಲ. ಇಲ್ಲಿನ ಅಂಗಡಿಯಲ್ಲಿ ಚಳಿಗಾಲದುದ್ದಕ್ಕೂ ಕೆಂಪಗೆ ಹೊಳೆಯುವ ಹಣ್ಣು ಸಿಗುತ್ತದೆ. ಸಾರಿಗೆ ಹಾಕಿದರೆ ಸಾರಿಗೆ ಗೊತ್ತೇ ಆಗುವುದಿಲ್ಲ, ಹುಣಸೆಹಣ್ಣು ಕಿವುಚಲೇಬೇಕು.

ಏಪ್ರಿಲ್ ಕೊನೆಯಿಂದ ಸಸಿಗಳನ್ನು ಹೊರಗಿನ ಬಿಸಿಲಿಗೂ ಗಾಳಿಗೂ ಒಗ್ಗಿಸುವ ಕಾರ್ಯಕ್ರಮ. ಮೊದಲು ಬಾಲ್ಕನಿಯ ನೆರಳಿನಲ್ಲಿ ಸ್ವಲ್ಪ ಹೊತ್ತು, ದಿನ ಕಳೆದಂತೆ ಇನ್ನಷ್ಟು ಹೊತ್ತು, ಆಮೇಲೆ ಎಳೆಬಿಸಿಲು, ರಾತ್ರಿ ಮರಳಿ ಒಳಗೆ. ನಾನು ಕಚೇರಿಗೆ ಹೋಗುತ್ತೇನೆ, ನಮ್ಮವರು ಮನೆಯಿಂದಲೇ ಕೆಲಸ ಮಾಡುತ್ತಾರೆ. ಆದ್ದರಿಂದ ನೆರಳಿನ ಹೊಣೆ ಅವರಿಗೆ ಬಿತ್ತು. “ಬಿಸಿಲು ಬಹಳ ಚೆನ್ನಾಗಿತ್ತು, ಪಾಪ ಅನುಭವಿಸಲಿ ಎಂದು ಬಿಟ್ಟೆ” ಎಂದರು ಸಂಜೆ. ಗಾಜಿನ ಹಿಂದೆಯೇ ಬೆಳೆದ ಎಲೆಗಳಿಗೆ ಮಧ್ಯಾಹ್ನದ ಬಿಸಿಲು ನೇರ ಬಡಿದು ಅಲ್ಲಲ್ಲಿ ಬಿಳಿ ಮಚ್ಚೆ ಎದ್ದಿತ್ತು. ಆ ದಿನ ತೇವಾಂಶ ಮಾತ್ರ ನಲವತ್ತೆಂಟಕ್ಕೆ ಇಳಿದಿತ್ತಂತೆ.

ಹಾಗಾದರೆ ನೆಟ್ಟುಬಿಡಬಾರದೇ? ಬಾರದು. ಮೇ ತಿಂಗಳ ನಡುವೆ ಇಲ್ಲಿ ಹಿಮದ ಸಂತರು, ಎಂದರೆ ಕ್ರೈಸ್ತ ಸಂತರ ಹೆಸರಿನ ಚಳಿಯ ದಿನಗಳು, ಬರುತ್ತಾರೆ: 12ಕ್ಕೆ ಪಂಕ್ರಾತಿಯುಸ್, 13ಕ್ಕೆ ಸೆರ್ವಾತಿಯುಸ್, 14ಕ್ಕೆ ಬೊನಿಫಾತಿಯುಸ್, 15ಕ್ಕೆ ತಣ್ಣನೆಯ ಸೋಫಿ. ಉತ್ತರದವರು 11ರ ಮಾಮೆರ್ತುಸ್‌ನನ್ನೂ ಸೇರಿಸಿಕೊಳ್ಳುತ್ತಾರೆ. ಸೋಫಿಯ ದಿನ ಕಳೆಯುವವರೆಗೆ ರಾತ್ರಿ ಹಿಮ ಬೀಳುವ ಭಯವಿದೆ, ಟೊಮೆಟೊ ಹೊರಗೆ ನೆಡಬಾರದು ಎಂದು ನಂಬಿಕೆ. ಕೆಳಮನೆಯ ಅಜ್ಜಿ ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ ತೋರುಬೆರಳೆತ್ತಿ “ಸೋಫಿ!” ಎಂದು ಎಚ್ಚರಿಸುತ್ತಾರೆ. ಅಮ್ಮನಿಗೆ ಹೇಳಿದರೆ ಅವಳಿಗೆ ಆಶ್ಚರ್ಯವೇ ಆಗಲಿಲ್ಲ. “ಅಷ್ಟು ಹೊತ್ತಿಗೆ ಭರಣಿ ಮುಗಿದು ಕೃತ್ತಿಕೆ ಹುಟ್ಟುತ್ತದೆ, ನಕ್ಷತ್ರ ಬದಲಾದಾಗ ನೋಡಿಯೇ ನೆಡಬೇಕು” ಎಂದಳು. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂದು ಕೇಳಿ ಬೆಳೆದ ನನಗೆ ಸೋಫಿಯನ್ನು ಒಪ್ಪಿಕೊಳ್ಳುವುದು ಕಷ್ಟವೇನಲ್ಲ.

ಕಷ್ಟ ಕೊಟ್ಟವರು ಮತ್ತೆ ನಮ್ಮವರೇ. 1582ರಲ್ಲಿ ಪೋಪ್ ಗ್ರೆಗರಿ ಕ್ಯಾಲೆಂಡರನ್ನು ತಿದ್ದಿ ಹತ್ತು ದಿನ ಹಾರಿಸಿದ್ದಾರೆ, ಸಂತರ ಲೆಕ್ಕ ಅದಕ್ಕೂ ಹಳೆಯದು, ಆದ್ದರಿಂದ ನಿಜವಾದ ಸೋಫಿ ಬರುವುದು 25ಕ್ಕೆ ಎಂದು ರಾತ್ರಿ ಊಟದ ಹೊತ್ತಿನಲ್ಲಿ ಸಾಧಿಸಿದರು. ಹಾಗಿದ್ದರೆ 25ರವರೆಗೆ ಕಿಟಕಿ ತೆರೆಯಬೇಡಿ ಎಂದೆ. ಬೆಳಿಗ್ಗೆ ತೆರೆದರು. ಎಲ್ಲಕ್ಕಿಂತ ಎತ್ತರದ ಸಸಿ ಕಟ್ಟೆಯಿಂದ ಕೆಳಗೆ ಬಿದ್ದು ನಡುಮುರಿಯಿತು. ಟೊಮೆಟೊ ಕಾಂಡಕ್ಕೆ ಎಲ್ಲಿ ಬೇಕಾದರೂ ಬೇರು ಬರುತ್ತದೆಂದು ಮುರಿದ ತುದಿಯನ್ನು ಸ್ಟೀಲ್ ಲೋಟದ ನೀರಿನಲ್ಲಿಟ್ಟೆ. ಬುಡದಲ್ಲಿ ಉಳಿದದ್ದೂ ಚಿಗುರಬಹುದು. “ಒಂದಿದ್ದದ್ದು ಎರಡಾಯಿತಲ್ಲ” ಎಂದರು ನಮ್ಮವರು.

ಇಷ್ಟಕ್ಕೂ ನಮ್ಮ ಬಾಲ್ಕನಿಯಲ್ಲಿ ಹಿಡಿಸುವುದು ಕೆಲವೇ ಕುಂಡಗಳು. ಉಳಿದ ಸಸಿಗಳಲ್ಲಿ ಒಳ್ಳೆಯದೆರಡನ್ನು ಆರಿಸಿ ಇವತ್ತು ಸಂಜೆ ಅಜ್ಜಿಗೆ ಕೊಟ್ಟುಬಂದೆ. ಅಜ್ಜಿ ಬರಿಗೈಯಲ್ಲಿ ಕಳಿಸುವವರಲ್ಲ. ತಾವೇ ಬೆಳೆಸಿದ ಜುಕಿನಿ ಸಸಿಗಳನ್ನು ಒಂದು ತಟ್ಟೆ ತುಂಬ ಕೈಗಿಟ್ಟರು. ಟೊಮೆಟೊ ಸಸಿಗಿಂತ ಮೂರು ಪಟ್ಟು ಅಗಲದ ಎಲೆ. ಅವನ್ನೂ ಸೋಫಿ ಮುಗಿಯುವವರೆಗೆ ಒಳಗೇ ಇಟ್ಟುಕೊಳ್ಳಬೇಕಂತೆ, ನೀರು ಧಾರಾಳವಾಗಿ ಬೇಕಂತೆ. ಇನ್ನು ಖಾಲಿ ಉಳಿದಿರುವುದು ನಮ್ಮವರ ಕೆಲಸದ ಮೇಜಿನ ಮುಂದಿನ ಕಿಟಕಿಯೊಂದೇ. ಅಲ್ಲೇ ಸಾಲಾಗಿ ಇಟ್ಟು, ಧಾರಾಳವಾಗಿ ನೀರೆರೆದು ಬಂದಿದ್ದೇನೆ.